ನಾಲ್ಕನೇ ಕಣಜದ ಹಳದಿ ಟೋಪಿ

ಆರ್ಡಿತ್‌ಗೆ ಜೋಳ ಅಂದರೆ ಭಯ. ಬೆಕ್ಸ್‌ಬರ್ಗಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಮೆರಿಕದ ನೆಬ್ರಾಸ್ಕಾದ ಈ ಊರು ಉಂಡು ಬೆಳೆದದ್ದೇ ಮೆಕ್ಕೆಜೋಳದಿಂದ. ಈಗ ಅರವತ್ತು ಸಾವಿರ ಜನ, ಎರಡು ಆಸ್ಪತ್ರೆ, ಒಂದು ಕಾಲೇಜು ಆಗಿ ಪಟ್ಟಣದ ಗತ್ತು ಬಂದಿದೆ. ಹೊಸ ಬಡಾವಣೆಯವರು ಕಾರಿನ ಮೇಲೆ ಹೊಟ್ಟು ಕೂತಿತೆಂದು ಅರ್ಜಿ ಬರೆಯುತ್ತಾರೆ. ಅವರ ಅಜ್ಜಂದಿರೆಲ್ಲ ಅದೇ ಹೊಟ್ಟು ಕೊಡವಿಕೊಂಡು ಊಟಕ್ಕೆ ಕೂತವರು, ಬಿಡಿ.

ಊರ ನಡುವೆ, ರೈಲು ಹಳಿಯ ಪಕ್ಕ, ರೈತರ ಸಂಘದ ಎಂಟು ಕಾಂಕ್ರೀಟ್ ಕಣಜಗಳಿವೆ; ಒಂದೊಂದೂ ಹನ್ನೆರಡು ಅಂತಸ್ತಿನೆತ್ತರ. ಬುಡದಲ್ಲಿ ತೂಕದ ಕೋಣೆ. ಅದರ ಕಿಟಕಿಯಲ್ಲಿ ಕೂತು ಆರ್ಡಿತ್ ಮೂವತ್ತೊಂದು ವರ್ಷದಿಂದ ಲಾರಿ ತೂಗುತ್ತಿದ್ದಾಳೆ. ಅವಳಿಗೆ ಒಂಬತ್ತಾಗಿದ್ದಾಗ, ಹೊಲದ ಕಣಜಕ್ಕೆ ಇಳಿದ ಅಪ್ಪ ಜೋಳದಲ್ಲಿ ಹೂತುಹೋದ. ಅಂಗಳದಲ್ಲೇ ಆಡುತ್ತಿದ್ದ ಅವಳಿಗೆ ಒಂದು ಕೂಗೂ ಕೇಳಿಸಲಿಲ್ಲ. ಹಾಗಿದ್ದೂ ಈ ಕೆಲಸಕ್ಕೇಕೆ ಸೇರಿದಳೆಂದರೆ, ತಮ್ಮ ಲೋವೆಲ್ ಇಲ್ಲಿ ಕಣಜಕ್ಕಿಳಿದು ಗೋಡೆಗಂಟಿದ ಜೋಳ ಕೆಡವುವ ಕೆಲಸ ಹಿಡಿದಿದ್ದ. ಅವನನ್ನು ಬಿಡಿಸಲಾಗಲಿಲ್ಲ, ಕಣ್ಣಿಡಲಾದರೂ ಆದೀತು ಎಂದು ಬಂದಳು.

"ಹಗ್ಗ ಕಟ್ಕೊಂಡ್ಯೇನೋ?" ಎಂದು ದಿನಾ ಕೇಳುವಳು.

"ಕಟ್ಕೊಂಡಿದೀನಿ ಕಣಕ್ಕಾ. ಐವತ್ತೆರಡು ವರ್ಷ ಆಯ್ತು ನಂಗೆ. ಮೂಗೂ ಒರೆಸ್ಬಿಡು ಇನ್ನ!"

ಕಣಜದವರದೊಂದು ಪದ್ಧತಿ. ಒಳಗೆ ಇಳಿಯುವ ಮುಂಚೆ, ಕೆಳಗೆ ಜೋಳ ಸಾಗಿಸುವ ಬೆಲ್ಟಿನ ಸ್ವಿಚ್ಚಿಗೆ ತನ್ನ ಟೋಪಿ ನೇತುಹಾಕಬೇಕು. ಬೆಲ್ಟು ಓಡಿದರೆ ಜೋಳ ತಳದಿಂದ ಜಾರುತ್ತದೆ, ಮೇಲೆ ನಿಂತವನನ್ನೂ ಎಳೆದುಕೊಳ್ಳುತ್ತದೆ. ಟೋಪಿ ಇರುವಷ್ಟು ಹೊತ್ತು ಸ್ವಿಚ್ಚು ಮುಟ್ಟುವಂತಿಲ್ಲ. ಅದನ್ನು ತೆಗೆಯುವ ಹಕ್ಕು ಅದರ ಒಡೆಯನಿಗೆ ಮಾತ್ರ. ಯಾರ ಟೋಪಿ ಯಾವುದೆಂದು ಎಲ್ಲರಿಗೂ ಗೊತ್ತು. ಲೋವೆಲ್‌ನದಂತೂ ಅಂಚು ಸುಟ್ಟು, ಪಕ್ಕಕ್ಕೊಂದು ಮೀನಿನ ಗಾಳ ಸಿಕ್ಕಿಸಿ, ಜಿಡ್ಡಿಗೆ ಬಿಳಿಯದೋ ಕರಿಯದೋ ತಿಳಿಯದ ಹಾಗಿತ್ತು. ಸ್ವಿಚ್ಚಿನ ಮೇಲೆ ಅದು ಕಂಡಾಗಲೆಲ್ಲ ಆರ್ಡಿತ್‌ಗೆ ಉಸಿರು ಸರಿಯಾಗಿ ಆಡುತ್ತಿತ್ತು.

ಈ ವರ್ಷ ಊರಿಗೆ ನೂರೈವತ್ತು ತುಂಬಿತು. ಸಂಘದವರು ಕೆಲಸದವರಿಗೆಲ್ಲ ಒಂದೇ ತರದ ಹಳದಿ ಟೋಪಿ ಹಂಚಿ, ಮೇಯರ್ ಜತೆ ಫೋಟೊಗೆ ನಿಲ್ಲಿಸಿದರು. ಹಳೇ ಟೋಪಿಯಲ್ಲೇ ಬರುತ್ತೇನೆಂದು ಲೋವೆಲ್ ಹಟ ಹಿಡಿದ. ಆರ್ಡಿತ್‌ಗೆ ನಾಚಿಕೆ. ಹಿಂದಿನ ಸಂಜೆಯೇ ಅದನ್ನು ಕದ್ದು ಕಸದ ಡಬ್ಬಕ್ಕೆ ತುರುಕಿದಳು. "ಒಗೆದೆ ಕಣೋ, ಚಿಂದಿ ಆಗೋಯ್ತು" ಅಂದಳು. ಜೀವಮಾನವೆಲ್ಲ ಹೆದರಿ ಬದುಕಿದ ಹೆಂಗಸು ಒಂದು ಫೋಟೊಗಾಗಿ ಮೈಮರೆತಳು.

ಅಕ್ಟೋಬರ್, ಸುಗ್ಗಿ. ಲಾರಿಗಳ ಸಾಲು ಆಸ್ಪತ್ರೆ ರಸ್ತೆಯವರೆಗೆ. ಕಣಜದ ಬಾಯಲ್ಲಿ ಒಬ್ಬ ಕಾವಲಿರಬೇಕೆಂಬ ನಿಯಮ ಸುಗ್ಗಿಯಲ್ಲಿ ಯಾರಿಗೆ ಬೇಕು? ಮಧ್ಯಾಹ್ನ ಮೂರಕ್ಕೆ, ಬೆಲ್ಟು ನೋಡಿಕೊಳ್ಳುವ ಮರ್ಲಿನ್ ತೂಕದ ಕೋಣೆಗೆ ಕಾಫಿಗೆ ಬಂದ. ತಲೆಯ ಮೇಲೆ ಹಳದಿ ಟೋಪಿ.

"ಬೆಳಗ್ಗಿಂದ ಹುಡುಕ್ತಿದ್ದೆ ಈ ದರಿದ್ರದ್ದನ್ನ. ನಾಲ್ಕನೇದರ ಸ್ವಿಚ್ ಮೇಲೆ ನಾನೇ ಬಿಟ್ಟು ಮರ್ತಿದ್ದೆ ನೋಡಮ್ಮ. ವಯಸ್ಸಾಯ್ತು."

ಆರ್ಡಿತ್ ಕಾಫಿ ಮೇಜಿನ ಕಡೆ ನೋಡಿದಳು. ಅಲ್ಲೊಂದು ಹಳದಿ ಟೋಪಿ ಬೋರಲಾಗಿ ಬಿದ್ದಿತ್ತು. ಎತ್ತಿದಳು. ಅಡಿಯಲ್ಲಿ ಮರ್ಲಿನ್‌ನ ಕನ್ನಡಕ.

"ಬೆಲ್ಟು?"

"ಈಗ್ತಾನೇ ಹಾಕ್ ಬಂದೆ. ಯಾಕೆ..." ಅವನ ಮುಖ ಬಿಳಿಚಿಕೊಂಡಿತು.

ಅವಳು ಆಗಲೇ ಓಡುತ್ತಿದ್ದಳು. ಐವತ್ತೊಂಬತ್ತರ ಮಂಡಿ ಎರಡು ಸಲ ಕೈಕೊಟ್ಟಿತು. ಸ್ವಿಚ್ಚು ಎಳೆದಳು. ಬೆಲ್ಟು ನಿಂತಿತು. ಒಂದು ಕೂಗೂ ಕೇಳಿಸಲಿಲ್ಲ, ಆವತ್ತಿನ ಹಾಗೆಯೇ.

ಲಿಫ್ಟಿನಲ್ಲಿ ಮೇಲೆ ಹೋಗಿ ಕಣಜದ ಬಾಯಿಗೆ ಹೊಟ್ಟೆ ಊರಿ ಮಲಗಿ ಇಣುಕಿದಳು. ಮೂವತ್ತಡಿ ಕೆಳಗೆ, ಧೂಳಿನಲ್ಲಿ, ಒಂದು ತಲೆ, ಎರಡು ಭುಜ, ಬಿಗಿದು ನಿಂತ ಹಗ್ಗ.

"ಅಕ್ಕಾ," ಎಂದಿತು ತಲೆ, "ಎದೆ ಹಿಸುಕ್ತಿದೆ ಕಣೆ."

"ಅಲ್ಲಾಡ್ಬೇಡ. ಫೈರ್‌ನೋರು ಬರ್ತಿದಾರೆ. ಮೆಲ್ಲಗೆ ಉಸಿರಾಡು."

ಉಸಿರು ಬಿಟ್ಟಷ್ಟೂ ಜೋಳ ಬಿಗಿಯುತ್ತದೆ, ಒಮ್ಮೆ ಹಿಡಿದ ಜಾಗವನ್ನು ವಾಪಸು ಕೊಡುವುದಿಲ್ಲ. ಅದು ಅವಳಿಗೆ ಗೊತ್ತು. ಅವನಿಗೂ ಗೊತ್ತು.

"ಟೋಪಿ ಹಾಕಿದ್ದೆ ಅಕ್ಕಾ. ಆಣೆಗೂ."

"ನೀನು ಹಾಕಿದ್ದೆ ಕಣೋ. ತಪ್ಪು ನಂದು. ನಿನ್ನ ಹಳೇದು ಹರೀಲಿಲ್ಲ, ನಾನೇ ಕಸಕ್ಕೆ ಹಾಕ್ದೆ. ಮೇಯರ್ ಮುಂದೆ ನಾಚಿಕೆ ಆಯ್ತು."

ಕೆಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಅವನಿಗೆ ನಗು ಬರುತ್ತಿತ್ತು.

"ನಗ್ಬೇಡ!" ಆರ್ಡಿತ್ ಚೀರಿದಳು. "ನಗ್ಬೇಡ್ವೋ, ಉಸಿರು ಖಾಲಿ ಆಗತ್ತೆ, ದಮ್ಮಯ್ಯ!"

ಅಗ್ನಿಶಾಮಕದವರಿಗೆ ಅವನ ಸುತ್ತ ತಗಡು ಊರಿ, ಒಳಗಿನ ಜೋಳವನ್ನು ಬೊಗಸೆ ಬೊಗಸೆಯಾಗಿ ಬಗೆದು ತೆಗೆಯಲು ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಅಲ್ಲಿಂದ ಏಳಲಿಲ್ಲ. ನಗು ತರಿಸದ ಮಾತುಗಳನ್ನೇ ಹುಡುಕಿ ಹುಡುಕಿ ಆಡಿದಳು.

ಲೋವೆಲ್ ಬದುಕಿದ. ಎರಡು ಪಕ್ಕೆಲುಬು ಮುರಿದಿದ್ದವು. ವಸಂತಕ್ಕೆ ಕೆಲಸಕ್ಕೆ ಮರಳಿದ, ಹಟಮಾರಿ. ಸಂಘದವರು ಸ್ವಿಚ್ಚುಗಳಿಗೆಲ್ಲ ಬೀಗ ಹಾಕಿಸಿ, ಇಳಿಯುವವನ ಕೈಗೇ ಬೀಗದಕೈ ಕೊಡುತ್ತಾರೆ. ಆರ್ಡಿತ್ ಅದನ್ನೂ ನಂಬುವುದಿಲ್ಲ. ತಮ್ಮ ಒಳಗಿಳಿದ ದಿನ ತೂಕದ ಕಿಟಕಿ ಮುಚ್ಚಿ, ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಲಾರಿಗಳು ಆಸ್ಪತ್ರೆ ರಸ್ತೆಯವರೆಗೆ ನಿಲ್ಲುತ್ತವೆ. ಯಾರೂ ಹಾರ್ನ್ ಹೊಡೆಯುವುದಿಲ್ಲ.