ತಣ್ಣೀರಿಗೆ ಸೋರದ ಹಂಡೆ

ಅವನು ಎರಡು ಸಲ ಬಂದನೋ ಮೂರು ಸಲವೋ, ಈಗ ಆಣೆ ಮಾಡಿ ಹೇಳಲಾರೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ದಾಸನಕೊಪ್ಪದ ಮನೆಗೆ ಬಂದಿದ್ದೆ. ಅಕ್ಕ ಬಾಣಂತಿ. ಅವಳಿಗೆ ನೀರು ಕಾಯಿಸುವ ತಾಮ್ರದ ಹಂಡೆಯ ತಳ ತೂತಾಗಿತ್ತು.

ಶಿರಸಿಯ ಆ ರಿಪೇರಿಯವನು ಹಿತ್ತಲಲ್ಲಿ ನಮಗೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಿದ್ದ. ಆಮೇಲೆ ತಣ್ಣೀರು ತುಂಬಿಸಿ, ಹೆಗಲ ಟವೆಲಿನಿಂದ ತಳ ಒರೆಸಿ, ಟವೆಲನ್ನು ನಮ್ಮ ಕೈಗೇ ಕೊಡುತ್ತಿದ್ದ. "ನೀವೇ ನೋಡ್ರಿ, ಒಂದು ಹನಿ ಐತೇನು?" ಇರುತ್ತಿರಲಿಲ್ಲ. ಅವನು ಬಸ್ಸು ಹತ್ತಿದ ಮೇಲೆ ಬೆಂಕಿ ಹಾಕಿದರೆ ಹಂಡೆ ಸೋರಿ ಒಲೆಯೇ ಆರುತ್ತಿತ್ತು.

ಕೊನೆಯ ಸಲ ನಾನು, "ನೀರು ಕಾಯಿಸಿ ತೋರಿಸಿ ಹೋಗು" ಎಂದೆ. ಅವನು ನನ್ನ ಕಡೆ ನೋಡದೆ ಅವ್ವನತ್ತ ತಿರುಗಿದ.

"ತಾಯಿ, ನೀರು ತುಂಬಿಸದೇ ಬೆಂಕಿ ಹಾಕಿದ್ರ ಯಾವ ಬೆಸುಗಿ ನಿಲ್ತೈತಿ? ನಿಮಗ ಮರವು ಬಂದೈತಿ."

"ತುಂಬಿಸೇ ಹಾಕೀನಪ್ಪಾ," ಎಂದ ಅವ್ವನ ದನಿ ಅಳುಕಿತು.

ಎಲ್ಲವನ್ನೂ ಪ್ರಶ್ನಿಸಲು ಕಲಿತು ಬಂದ ನಾನು ಅವನೆದುರೇ ಹೇಳಿದೆ: "ಸರಿಯಾಗಿ ನೆನಪು ಮಾಡ್ಕೊ ಅವ್ವಾ."

ಆ ಹಂಡೆಗೆ ಮತ್ತೆ ಬೆಂಕಿ ಹಾಕುವ ಧೈರ್ಯ ಅವ್ವನಿಗೆ ಬರಲಿಲ್ಲ. ನೆರೆಮನೆಯಿಂದ ತಂದ ಹಂಡೆಗೂ, ಒಲೆ ಹಚ್ಚುವ ಮುಂಚೆ ಬಾಣಂತಿಯನ್ನು ಎಬ್ಬಿಸಿ ಕರೆದು, "ನೀರೈತಿ ಹೌದಲ್ಲ?" ಎಂದು ತೋರಿಸುತ್ತಿದ್ದಳು. ನೆನೆದರೆ ಇವತ್ತೂ ಮೈ ಉರಿಯುತ್ತದೆ.

ಅವ್ವ ತೀರಿಕೊಂಡ ಮೇಲೆ ಅಟ್ಟದಿಂದ ಹಂಡೆ ಇಳಿಸಿ, ಅವನ ಬೆಸುಗೆಯನ್ನು ಚಾಕುವಿನಿಂದ ಕೆರೆದು ಚೂರನ್ನು ದೀಪಕ್ಕೆ ಹಿಡಿದೆ. ಅದು ಮೆತ್ತಗಾಗಿ, ಕರಗಿ, ಹೊತ್ತಿಕೊಂಡಿತು. ಬರೀ ಅರಗು.