ಎಲೆಕ್ಷನ್ ಬರುವವರೆಗೆ

ರಾಜಾಜಿನಗರದ ನಮ್ಮ ಅಂಗಡಿಗೆ ಹೊಸದಾಗಿ ಬರುವವರು ಇವತ್ತಿಗೂ ನನ್ನನ್ನು ನೋಡಿ ಮೊದಲು ಕೇಳುವುದು ಒಂದೇ ಮಾತು: "ಯಜಮಾನ್ರು ಇಲ್ವಾಮ್ಮ?" ನಾನೇ ಯಜಮಾನಿ ಎಂದರೆ ಗೋಡೆಗೆ ಒರಗಿ ನಿಂತ ಬಂದೂಕುಗಳನ್ನೊಮ್ಮೆ, ನನ್ನ ಕಾಟನ್ ಸೀರೆಯನ್ನೊಮ್ಮೆ ನೋಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಲೆಯುತ್ತಿದ್ದಾಗ ಕಚೇರಿಯ ಗುಮಾಸ್ತರೊಬ್ಬರು, "ಸೀರೆ ಅಂಗಡಿ ಇಟ್ಕೊಳಿ ಮೇಡಂ, ನೆಮ್ಮದಿ" ಎಂದಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ರಾಶಿ ಸೀರೆ ಬಿಡಿಸಿ ನೋಡಿ ಬೇಡ ಅಂತ ಎದ್ದು ಹೋಗೋರನ್ನ ಸಹಿಸೋ ತಾಳ್ಮೆ ನನಗಿಲ್ಲ ಸಾರ್. ಅದಕ್ಕೇ ಇದು" ಎಂದೆ. ಅವರು ನನ್ನ ಫೈಲನ್ನು ಮುಂದಿನ ಮೇಜಿಗೆ ತಳ್ಳಿದರು.

ನಿಜ ಹೇಳಬೇಕೆಂದರೆ ನಮ್ಮದು ಬಂದೂಕಿನ ವ್ಯಾಪಾರಕ್ಕಿಂತ ಕಾಯಿದೆಯ ವ್ಯಾಪಾರ. ಯಾರಿಗೆ ಏನು ಕೊಟ್ಟೆ, ಯಾರಿಂದ ಏನು ಬಂತು, ಒಳಗೆ ಏನು ಉಳಿದಿದೆ ಎಂದು ಪೊಲೀಸರಿಗೆ ಲೆಕ್ಕ ಒಪ್ಪಿಸುತ್ತಲೇ ಇರಬೇಕು. ಕ್ಯಾಮೆರಾ ಕೆಡಬಾರದು, ಕಬ್ಬಿಣದ ಕೋಣೆಯ ಬೀಗ ಸಡಿಲವಾಗಬಾರದು. ಲೈಸೆನ್ಸಿನಲ್ಲಿ ಹೆಸರಿಲ್ಲದವರ ಕೈಗೆ ಸುಮ್ಮನೆ ನೋಡಲೆಂದೂ ಏನನ್ನೂ ಕೊಡಬಾರದು. ಒಂದು ಗುಂಡು ಹೆಚ್ಚುಕಮ್ಮಿಯಾದರೂ ಬಾಗಿಲಿಗೆ ಸೀಲು ಬೀಳುತ್ತದೆ. ಇವೆಲ್ಲ ಸರ್ಕಾರದ ನಿಯಮಗಳು. ಅಪ್ಪನದೇ ಆದ ಒಂದು ನಿಯಮವಿತ್ತು. ಆಯುಧ ಕೈಗೆ ಕೊಟ್ಟ ಕೂಡಲೇ ಗಿರಾಕಿಯ ಮುಖ ನೋಡಬಾರದು, ಆಯುಧದ ಬಾಯಿ ಯಾವ ಕಡೆ ತಿರುಗುತ್ತದೆ ಎಂದು ನೋಡಬೇಕು. "ಮುಖ ಸುಳ್ಳು ಹೇಳುತ್ತೆ ಕಣೇ. ಕೈಗೆ ಸುಳ್ಳು ಹೇಳಕ್ಕೆ ಬರಲ್ಲ" ಎನ್ನುತ್ತಿದ್ದರು.

ಚುನಾವಣೆ ಘೋಷಣೆಯಾದರೆ ನಮ್ಮ ಅಂಗಡಿ ತುಂಬಿಬಿಡುತ್ತದೆ. ಲೈಸೆನ್ಸ್ ಇರುವವರು ತಮ್ಮ ಆಯುಧವನ್ನು ಠಾಣೆಯಲ್ಲೋ ನಮ್ಮಂಥವರ ಬಳಿಯೋ ಒಪ್ಪಿಸಿ ರಸೀದಿ ಪಡೆಯಬೇಕು. ಮತ ಎಣಿಕೆ ಮುಗಿದು ನೀತಿ ಸಂಹಿತೆ ಎತ್ತಿದ ಮೇಲೆಯೇ ವಾಪಸ್ಸು. ಬ್ಯಾಡರಹಳ್ಳಿ, ಕೆಂಗೇರಿ ಕಡೆಯ ಹಳೆಯ ಊರುಗಳವರು ತಾತನ ಕಾಲದ ಜೋಡಿ ನಳಿಗೆಯ ಬಂದೂಕನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿ ತರುತ್ತಾರೆ. ಕಾಯಲು ಅವರಿಗೆ ಹೊಲವೇ ಉಳಿದಿಲ್ಲ, ಎಲ್ಲ ಸೈಟಾಗಿದೆ. ಆದರೂ ಆಯುಧಪೂಜೆಗೆ ಬೇಕಲ್ಲ ಎನ್ನುತ್ತಾರೆ. ಅವರನ್ನು ಕಂಡರೆ ನನಗೆ ನಗು ಬರುತ್ತದೆಯೇ ಹೊರತು ಭಯವಾಗುವುದಿಲ್ಲ. ಭಯವಾಗುವುದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಆಯುಧದವರನ್ನು ಕಂಡರೆ.

ಹಿಂದಿನ ವಿಧಾನಸಭೆ ಚುನಾವಣೆಗೆ ಮುಂಚೆ ಮಲ್ಲತ್ತಹಳ್ಳಿಯಿಂದ ಹಾಗೊಬ್ಬರು ಬಂದರು. ಕೆರೆ ಪಕ್ಕದ ಜಮೀನು ಲೇಔಟ್ ಆಗಿ, ಈಗ ಬಾಡಿಗೆ ಮನೆಗಳ ಮಾಲೀಕರಾಗಿದ್ದವರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮೆಲುಮಾತು. ಜೊತೆಯಲ್ಲಿ ಹೆಂಡತಿ. ನಾನು ಅವರ ರಿವಾಲ್ವರನ್ನು ತೆರೆದು ನೋಡಿ, ನಂಬರು ತಾಳೆ ಹಾಕಿ, ಹೆಸರಿನ ಚೀಟಿ ಕಟ್ಟುವಾಗ ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಅಕ್ಕಾ, ಇದನ್ನ ಎಷ್ಟು ದಿನ ಇಟ್ಕೋತೀರಾ?" ಎಂದು ಕೇಳಿದರು.

"ಕೌಂಟಿಂಗ್ ಆಗೋವರೆಗೂ ಇರುತ್ತೆ. ಭದ್ರವಾಗಿರುತ್ತೆ, ಹೆದರ್ಬೇಡಿ" ಎಂದೆ. ಗಂಡ ನಕ್ಕರು. "ಇವಳಿಗೆ ನನಗಿಂತ ಅದರ ಮೇಲೇ ಪ್ರಾಣ ಮೇಡಂ" ಎಂದರು. ನಾನೂ ನಕ್ಕೆ.

ಕೆಲವು ದಿನಗಳಾದ ಮೇಲೆ ಆಕೆ ಒಬ್ಬರೇ ಬಂದರು. ಕೈಯಲ್ಲಿ ತರಕಾರಿ ಚೀಲ, ಅದರಲ್ಲಿ ನನಗೆಂದು ನಾಲ್ಕಾರು ಮಾವಿನಕಾಯಿ. ಬಿಸಿಲಿಗೆ ಮುಖ ಕೆಂಪಾಗಿತ್ತು. ಅದನ್ನೊಮ್ಮೆ ತೋರಿಸುತ್ತೀರಾ ಎಂದರು. ಆಗುವುದಿಲ್ಲ, ಲೈಸೆನ್ಸ್ ನಿಮ್ಮ ಯಜಮಾನರ ಹೆಸರಿನಲ್ಲಿದೆ ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ.

"ತೋರಿಸ್ಬೇಡಿ ಬಿಡಿ ಅಕ್ಕ. ಒಳಗೇ ಇದೆ ಅಂತ ಹೇಳಿ, ಸಾಕು."

"ಒಳಗೇ ಇದೆ" ಎಂದೆ.

ಆಕೆ ಬೆಂಚಿನ ಮೇಲೆ ಕುಳಿತು ನೀರು ಕುಡಿದರು. ಆಮೇಲೆ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದರು: "ಊಟಕ್ಕೆ ಕೂತಾಗ ಅದು ತಟ್ಟೆ ಪಕ್ಕದಲ್ಲಿ ಇರುತ್ತೆ ಅಕ್ಕ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಅವ್ರು ಬೈಯಲ್ಲ, ಹೊಡಿಯಲ್ಲ. ಸುಮ್ನೆ ಅದನ್ನ ಹಿಂಗೆ ನನ್ನ ಕಡೆ ತಿರುಗಿಸಿ ಇಡ್ತಾರೆ. ಊಟ ಮುಗಿಯೋವರೆಗೂ ಹಂಗೇ ಇರುತ್ತೆ." ನೀರಿನ ಲೋಟವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ ತೋರಿಸಿದರು. "ಈಗ ನಾನು ಅವ್ರ ಎದುರಿಗೇ ಕೂತು ಊಟ ಮಾಡ್ತಾ ಇದೀನಿ."

ಕಂಪ್ಲೇಂಟ್ ಕೊಡಿ, ಲೈಸೆನ್ಸೇ ರದ್ದಾಗುತ್ತದೆ, ಬೇಕಿದ್ದರೆ ಠಾಣೆಗೆ ನಾನೇ ಜೊತೆಗೆ ಬರುತ್ತೇನೆ ಎಂದೆ. ಆಕೆ ತಲೆಯಾಡಿಸಿದರು. "ಕಂಪ್ಲೇಂಟ್ ಕೊಟ್ಟು ಬಂದು ಅದೇ ಮನೇಲೇ ಇರ್ಬೇಕಲ್ಲ ಅಕ್ಕ. ತವರಲ್ಲಿ ಅಣ್ಣ ಬಾಗಿಲು ತೆಗಿಯಲ್ಲ." ಎದ್ದು ಹೊರಡುವಾಗ ಕೇಳಿದರು: "ಕೌಂಟಿಂಗು ಮುಂದಕ್ಕೆ ಹೋಗಲ್ವಾ?"

ಹೋಗಲಿಲ್ಲ. ಫಲಿತಾಂಶ ಬಂತು, ನೀತಿ ಸಂಹಿತೆ ಎತ್ತಿದರು, ಗಂಡ ಹೆಂಡತಿ ಇಬ್ಬರೂ ಬಂದರು. ನಾನು ಅವರ ಕಾಗದಗಳನ್ನು ಹಿಂದೆಂದೂ ಯಾರ ಕಾಗದವನ್ನೂ ನೋಡದಷ್ಟು ನೋಡಿದೆ. ಲೈಸೆನ್ಸಿನ ಅವಧಿ, ಫೋಟೋ, ಸಹಿ, ರಸೀದಿ, ಎಲ್ಲಿಯಾದರೂ ಒಂದು ತಪ್ಪು ಸಿಗಲಿ ಎಂದು ಹುಡುಕಿದೆ. ಎಲ್ಲವೂ ಅವರ ಅಂಗಿಯ ಹಾಗೆ ಕಲೆಯಿಲ್ಲದೆ ಇತ್ತು. ಲೈಸೆನ್ಸ್ ಊರ್ಜಿತದಲ್ಲಿದ್ದವರ ಆಯುಧವನ್ನು ನನಗೆ ಇಷ್ಟವಿಲ್ಲವೆಂದು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಅಪರಾಧಿ ನಾನೇ ಆಗುತ್ತೇನೆ.

ಕೊಟ್ಟೆ. ಅಪ್ಪ ಹೇಳಿದ ಹಾಗೆ ಮುಖ ನೋಡದೆ ಕೈ ನೋಡಿದೆ. ಅವರು ನನ್ನೊಡನೆ ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ಮಾತಾಡುತ್ತಲೇ ಖಾಲಿ ರಿವಾಲ್ವರನ್ನು ಅಂಗೈಯಲ್ಲಿ ತೂಗಿದರು, ಅದರ ಬಾಯಿ ನಿಧಾನವಾಗಿ ಎಡಕ್ಕೆ ಹೊರಳಿತು. ಎಡಕ್ಕೆ ಹೆಂಡತಿ ನಿಂತಿದ್ದರು. ಆಕೆ ಬೀದಿಯ ಕಡೆ ನೋಡುತ್ತಿದ್ದರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇಬ್ಬರಿಗೂ ಅದು ಗೊತ್ತೇ ಆಗಲಿಲ್ಲ. ಬಸ್ಸಿನಲ್ಲಿ ಯಾರಾದರೂ ಬಂದರೆ ನಾವು ಸರಿದು ಕೂರುತ್ತೇವಲ್ಲ, ಹಾಗೆ. ನನಗೆ ಮಾತ್ರ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಮುಂದಿನ ವರ್ಷ ಲೋಕಸಭೆ ಚುನಾವಣೆ ಬಂತು. ಆಕೆಯ ಮುಖದಲ್ಲಿ ನಾನು ನಗು ಕಂಡದ್ದು ಆಗಲೇ. ಗಂಡ ರಸೀದಿಗೆ ಸಹಿ ಹಾಕುತ್ತಿದ್ದಾಗ ಆಕೆ ನನ್ನನ್ನು ನೋಡಿ, ಹಬ್ಬಕ್ಕೆ ತವರಿಗೆ ಹೊರಟವರ ಹಾಗೆ ನಕ್ಕರು. ಮುಡಿಯಲ್ಲಿ ಮಲ್ಲಿಗೆ ಇತ್ತು. ಆ ಬೇಸಿಗೆಯಲ್ಲಿ ಆಗಾಗ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಒಳಗೇ ಇದೆಯಾ ಎಂದು ಕೇಳುವುದು, ಇದೆ ಎಂದು ನಾನು ಹೇಳುವುದು, ಅಷ್ಟೇ ಮಾತು. ಕೊನೆಯ ಸಲ ಬಂದಾಗ ಲೆಕ್ಕ ಹಾಕಿಕೊಂಡೇ ಬಂದಿದ್ದರು. "ಇನ್ನು ದೊಡ್ಡ ಎಲೆಕ್ಷನ್ ಯಾವುದೂ ಹತ್ರದಲ್ಲಿಲ್ಲ ಅಲ್ವಾ ಅಕ್ಕ? ಕಾರ್ಪೊರೇಷನ್ ಎಲೆಕ್ಷನ್‌ಗೂ ಇಸ್ಕೋತಾರಾ?"

"ಇಸ್ಕೋಬಹುದು. ಆದ್ರೆ ಅದು..." ಎಂದವಳು ಮುಂದೆ ಹೇಳಲಾರದೆ ನಿಲ್ಲಿಸಿದೆ. ವರ್ಷಗಳಿಂದ ಮುಂದಕ್ಕೆ ಹೋಗುತ್ತಲೇ ಇರುವ ಚುನಾವಣೆ ಅದು, ಬೆಂಗಳೂರಿನವರಿಗೆ ಆ ಮಾತನ್ನು ಪೂರ್ತಿ ಮಾಡಿ ಹೇಳಬೇಕಾಗಿಲ್ಲ.

ರಿವಾಲ್ವರ್ ಮತ್ತೆ ಮಲ್ಲತ್ತಹಳ್ಳಿಗೆ ಹೋಯಿತು. ಈ ಸಲ ನಾನು ಸುಮ್ಮನೆ ಕೂರಲಿಲ್ಲ. ಅನುಮಾನ ಬಂದರೆ ತಿಳಿಸುವುದೂ ವ್ಯಾಪಾರಿಯ ಕರ್ತವ್ಯವೇ ಎಂದು ಪೊಲೀಸರಿಗೆ ಅರ್ಜಿ ಬರೆದೆ. ತಟ್ಟೆಯ ಪಕ್ಕದ ವಿಷಯವನ್ನೂ ಬರೆದೆ, ಇಲ್ಲದಿದ್ದರೆ ಯಾರು ನಂಬುತ್ತಾರೆ? ಆಕೆಯನ್ನು ಒಬ್ಬರನ್ನೇ ಕರೆದು, ಹೆಂಗಸರೊಬ್ಬರ ಕೈಯಲ್ಲಿ ಕೇಳಿಸಿ ಎಂದು ಅಡಿಗೆರೆ ಎಳೆದು ಕೇಳಿಕೊಂಡೆ. ವಿಚಾರಣೆಗೆ ಹೋದ ಸಬ್ ಇನ್ಸ್‌ಪೆಕ್ಟರು ನೇರವಾಗಿ ಮನೆಗೇ ಹೋದರು. ಸೋಫಾದ ಮೇಲೆ ಗಂಡನ ಪಕ್ಕ ಕುಳಿತು, ಆಕೆಯೇ ತಂದುಕೊಟ್ಟ ಕಾಫಿ ಕುಡಿದು, "ಏನಾದ್ರೂ ತೊಂದ್ರೆ ಇದೆಯೇನಮ್ಮ?" ಎಂದು ಕೇಳಿದರು. ಆಕೆ ಏನೂ ಇಲ್ಲ ಸಾರ್ ಎಂದರು. ಇದನ್ನು ನನಗೆ ಹೇಳಿದವರು ಆ ಸಬ್ ಇನ್ಸ್‌ಪೆಕ್ಟರೇ, ಫೋನಿನಲ್ಲಿ, ನಗುತ್ತಾ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವಾ ಮೇಡಂ?"

"ಅವರ ಮನೇಲಿ ಉಣ್ಣೋಕೆ ಕೂತಾಗ್ಲೇ ಶುರುವಾಗೋದು ಸಾರ್, ಅದನ್ನೇ ಬರ್ದಿರೋದು" ಎಂದು ಕೂಗಿಬಿಟ್ಟೆ. ಹೆಂಡತಿ ಬರೆದುಕೊಡಲಿ, ನೋಡೋಣ ಎಂದು ಅವರು ಫೋನ್ ಇಟ್ಟರು. ಮೇಲಿನ ಕಚೇರಿಗೂ ಹೋದೆ. ಅಲ್ಲಿಯೂ ಇದೇ ಉತ್ತರ. ಬೇಲಿ ಹಾಕಿದ್ದೇವೆ, ಇನ್ನು ಹೊಲ ತನ್ನನ್ನು ತಾನೇ ಕಾಯ್ದುಕೊಳ್ಳಲಿ ಎನ್ನುವ ಹಾಗೆ.

ಆಮೇಲೆ ಒಂದು ಬೆಳಿಗ್ಗೆ ಅಂಗಡಿ ತೆಗೆದು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದೆ. ಹಿಂದೆ ಯಾರೋ ಕುಳಿತ ಸದ್ದಾಯಿತು. ಆಕೆ ಕೂರುತ್ತಿದ್ದ ಜಾಗದಲ್ಲೇ ಗಂಡ ಕುಳಿತಿದ್ದರು, ಅದೇ ಬಿಳಿ ಅಂಗಿ. ಪೂಜೆ ಮುಗಿಯಲಿ ಎಂದು ಕೈಸನ್ನೆ ಮಾಡಿದರು. ಮುಗಿದ ಮೇಲೆ ಗುಂಡು ಬೇಕು ಎಂದು ಲೈಸೆನ್ಸ್ ಮುಂದಿಟ್ಟರು.

"ಹಳೇದರ ಖಾಲಿ ಕೇಸ್ ತಂದಿದೀರಾ?" ಎಂದೆ. ಹಾರಿಸಿದ ಗುಂಡಿನ ಖಾಲಿ ಕವಚ ತಂದವರಿಗೆ ಮಾತ್ರ ಹೊಸ ಗುಂಡು ಎನ್ನುವುದು ಅಪ್ಪನ ಕಾಲದಿಂದ ನಮ್ಮ ಅಂಗಡಿಯ ಪದ್ಧತಿ.

"ಇಲ್ಲ."

"ಹಾಗಾದ್ರೆ ಹಳೇದನ್ನ ಎಲ್ಲಿ ಹಾರಿಸಿದ್ರಿ ಅಂತ ಹೇಳಿ."

"ತೋಟದಲ್ಲಿ."

ಅವರಿಗೆ ತೋಟವಿಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಕೊಡುವುದಿಲ್ಲ ಎಂದೆ. ಅವರು ಲೈಸೆನ್ಸನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದರು, ಬೇಸರವೇನೂ ತೋರಲಿಲ್ಲ. "ಬೇರೆ ಅಂಗಡಿ ಇದಾವೆ ಬಿಡಿ. ಒಂದ್ ಮಾತು ಮೇಡಂ. ಬೇರೆಯವರ ಮನೆ ಸಾರಿಗೆ ಉಪ್ಪು ಎಷ್ಟಿದೆ ಅಂತ ನಿಮಗ್ಯಾಕೆ?"

ಪೊಲೀಸರು ನನ್ನ ಅರ್ಜಿಯನ್ನು ಇವರ ಮುಂದೆಯೇ ಓದಿದ್ದಾರೆ ಎಂದು ನನಗೆ ಆಗ ಅರ್ಥವಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದು, ಪಕ್ಕದ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೋದರು.

ಆಕೆ ಬರುವುದು ನಿಂತುಹೋಯಿತು. ತರಕಾರಿ ಚೀಲ ಹಿಡಿದವರು ಯಾರು ಬಾಗಿಲಲ್ಲಿ ನಿಂತರೂ ನಾನು ತಲೆಯೆತ್ತುತ್ತೇನೆ. ಒಂದು ಸಲ ಆಟೋ ಮಾಡಿಕೊಂಡು ಅವರ ಬೀದಿಯವರೆಗೂ ಹೋಗಿದ್ದೆ. ಅವರ ಮನೆಯ ಮೂರನೆಯ ಮಹಡಿಯಲ್ಲಿ ಸೀರೆಯೊಂದು ಒಣಗುತ್ತಿತ್ತು. ಒದ್ದೆಯಾಗಿಯೇ ಇತ್ತು, ಹಾಗಾದರೆ ಬೆಳಿಗ್ಗೆ ಯಾರೋ ಒಗೆದಿದ್ದಾರೆ ಎಂದು ಸಮಾಧಾನ ಮಾಡಿಕೊಂಡು ಅದೇ ಆಟೋದಲ್ಲಿ ವಾಪಸ್ಸು ಬಂದೆ. ನಾನು ಬಾಗಿಲು ತಟ್ಟಿದರೆ ಅದರ ಬೆಲೆ ತೆರುವವರು ಆಕೆ.

ಅಂದಿನಿಂದ ಪತ್ರಿಕೆ ಬಂದರೆ ನಾನು ಮೊದಲು ಹುಡುಕುವುದು ಕಾರ್ಪೊರೇಷನ್ ಚುನಾವಣೆಯ ಸುದ್ದಿ. ಇದ್ದ ಒಂದು ಕಾರ್ಪೊರೇಷನ್ನನ್ನು ಒಡೆದು ಐದು ಮಾಡಿದರು. ವಾರ್ಡುಗಳ ಗಡಿ, ಮೀಸಲಾತಿ, ಆಕ್ಷೇಪಣೆ, ಕೋರ್ಟು. ಬೀದಿಯವರೆಲ್ಲ ಗುಂಡಿ, ಕಸ ಎಂದು ಗೊಣಗುತ್ತಾರೆ. ಮೊನ್ನೆ ಗಿರಾಕಿಯೊಬ್ಬರು, "ಎಲೆಕ್ಷನ್ ಬರ್ದೇ ಇದ್ರೇನೇ ಒಳ್ಳೇದು ಮೇಡಂ, ಗಲಾಟೆ ಇರಲ್ಲ" ಎಂದರು. ನಾನು ಅವರ ಮೇಲೆ ಹರಿಹಾಯ್ದೆ. ಪಾಪ, ಅವರಿಗೆ ಏನೆಂದೂ ತಿಳಿಯಲಿಲ್ಲ.

ಕಳೆದ ವಾರ ಮಧ್ಯಾಹ್ನ ಒಂದು ಫೋನ್ ಬಂತು, ಗೊತ್ತಿಲ್ಲದ ನಂಬರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಅಕ್ಕಾ, ನಾನು. ಡೇಟ್ ಬಂತಾ?"

ಯಾವ ಡೇಟು ಎಂದು ನಾನು ಕೇಳಲಿಲ್ಲ. ಎಲ್ಲಿದ್ದೀರಿ, ಚೆನ್ನಾಗಿದ್ದೀರಾ, ನನ್ನ ಮನೆಗೆ ಬಂದುಬಿಡಿ, ಬಸವೇಶ್ವರನಗರ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಅದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. "ಬಂತಾ ಅಕ್ಕ?" ಎಂದು ಮತ್ತೆ ಕೇಳಿದರು.

ನಾನು ಸುಳ್ಳು ಹೇಳಿದೆ. "ಬರುತ್ತಂತೆ. ಹತ್ರದಲ್ಲೇ ಇದೆಯಂತೆ."

ದೂರದಿಂದ ಗಂಡಸಿನ ದನಿ ಕೇಳಿತು, ಮೆತ್ತಗೆ: "ಯಾರೇ ಅದು?"

"ಗ್ಯಾಸ್‌ನೋರು ರೀ" ಎಂದರು ಆಕೆ. ಆಮೇಲೆ ಫೋನಿಗೆ ಬಾಯಿ ತೀರ ಹತ್ತಿರ ತಂದು, "ಅಲ್ಲೀವರೆಗೂ ಹೆಂಗೋ ಇರ್ತೀನಿ ಬಿಡಿ ಅಕ್ಕ" ಎಂದು ಇಟ್ಟುಬಿಟ್ಟರು.

ತಿರುಗಿ ಮಾಡಲು ನನಗೆ ಧೈರ್ಯವಾಗಲಿಲ್ಲ, ಆ ಕಡೆ ಎತ್ತುವವರು ಯಾರೋ. ಮಾರನೆಯ ದಿನದ ಪತ್ರಿಕೆಯಲ್ಲಿ, ಕಾರ್ಪೊರೇಷನ್ ಚುನಾವಣೆಗೆ ಸರ್ಕಾರ ಕೋರ್ಟಿನಲ್ಲಿ ಇನ್ನೂ ಕಾಲಾವಕಾಶ ಕೇಳಿದೆ ಎಂದಿತ್ತು.