ಹದಿನಾರು ಡಿಗ್ರಿಯ ಮಾವ

ನಮ್ಮ ಮಾವನವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಕಾಯಿಲೆಯಲ್ಲ, ಕಸುಬು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಕೂತು, ಬೇರೆಯವರು ಮಾಡಿದ ಲೋಹದ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಗೀರು, ಎಲ್ಲಿ ಡೊಂಕು ಎಂದು ಹುಡುಕಿ ಹುಡುಕಿ ಆ ಕಣ್ಣು ಹಾಗೇ ನಿಂತುಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಅದು ಪೂರ್ತಿ ತೆರೆಯಲಿಲ್ಲ. ತಟ್ಟೆಗೆ ಇಡ್ಲಿ ಬಂದರೂ ಹಾಗೇ ನೋಡುವರು, ಮದುವೆಯ ಕರೆಯೋಲೆ ಬಂದರೂ ಹಾಗೇ ನೋಡುವರು, ಎದುರಿಗೆ ಮನುಷ್ಯ ಬಂದು ನಿಂತರೂ ಹಾಗೇ. ನೋಡಿ ಮುಗಿಸಿ ಒಂದೇ ಮಾತು: ‘ರಿಜೆಕ್ಟ್.’

ನಮ್ಮಜ್ಜಿ ಬದುಕಿದ್ದಿದ್ದರೆ ಇಂಥವರನ್ನು ‘ಉಪ್ಪಲ್ಲೂ ಹುಳ ಹುಡುಕೋ ಪೈಕಿ’ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಿದ್ದಳು. ಅಷ್ಟು ಚುಟುಕಾಗಿ ಬೈಯಲು ನನಗೆ ಬರುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯಬೇಕಾಗಿದೆ.

ನಾನು ಪೀಣ್ಯದವನು. ಅಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಒಂದು ತಗಡಿನ ಶೆಡ್ಡು, ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು; ಅಚ್ಚು ಮಾಡುವುದು ನನ್ನ ಕೆಲಸ. ಮಗಳನ್ನು ಕೇಳಲು ಮೊದಲ ಸಲ ಅವರ ಜಾಲಹಳ್ಳಿಯ ಮನೆಗೆ ಹೋದಾಗ, ಅವರು ನನ್ನ ಜಾತಿ ಕೇಳಲಿಲ್ಲ, ದೇವರು ಯಾವುದು ಎಂದು ಕೇಳಲಿಲ್ಲ. ಅವರು ಮಂಗಳೂರು ಕಡೆಯ ಕ್ರೈಸ್ತರು, ನಾನು ಒಕ್ಕಲು ಮನೆಯವನು. ಆ ವಿಷಯಕ್ಕೆ ಜಗಳ ತೆಗೆದಿದ್ದರೆ ಉತ್ತರ ಕೊಡಲು ತಯಾರಾಗಿಯೇ ಹೋಗಿದ್ದೆ. ಅವರು ಕೇಳಿದ್ದು ಬೇರೆ.

‘ನೀನು ಮಾಡಿದ ಪೀಸು ಯಾವ್ದಾದ್ರೂ ಇದ್ರೆ ತಗೊಂಡು ಬಾರಯ್ಯಾ, ನೋಡೋಣ.’

ಮದುವೆ ಮಾತಾಡಲು ಹೋದವನಿಗೆ ಇಂಥ ಪರೀಕ್ಷೆ! ಆದರೂ ಮುಂದಿನ ಭಾನುವಾರ ಕೈಯಾರೆ ಕಡೆದ ಬಳೆಯಂಥ ಒಂದು ಸ್ಟೀಲ್ ಬುಷ್ಷನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಅವರು ಬೀರುವಿನಿಂದ ಮೈಕ್ರೋಮೀಟರ್ ತೆಗೆದು ಮೂರು ಕಡೆ ಅಳೆದರು. ಕೆಂಪು ಪೆನ್ಸಿಲ್ಲಿನಲ್ಲಿ ಬುಷ್ಷಿನ ಮೇಲೆ ಅಡ್ಡ ಗೀಟು ಎಳೆದರು. ‘ಪೀಣ್ಯದ ಮಾಲು ಅಂದ್ರೆ ಇಷ್ಟೇ ಕಣಯ್ಯಾ. ಹೊರಗಡೆ ಪಾಲಿಶು, ಒಳಗಡೆ ಡೊಂಕು.’

ನಾವು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು. ಮಾವ ಬರಲಿಲ್ಲ. ಸ್ವಲ್ಪ ದಿನಕ್ಕೇ ಅವರೂ ಅತ್ತೆಯೂ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಣಿ ಕೆಲಸದಲ್ಲಿದ್ದ ಮಗನ ಮನೆಗೆ ಹೋಗಿಬಿಟ್ಟರು. ಏಳು ವರ್ಷ ಮಗಳ ಜೊತೆ ಮಾತಿಲ್ಲ. ಅತ್ತೆ ಮಾತ್ರ ಬಚ್ಚಲುಮನೆಯಿಂದ ಪಿಸುಪಿಸು ಎಂದು ಫೋನು ಮಾಡುತ್ತಿದ್ದರು. ನನ್ನ ಸುದ್ದಿ ಬಂದರೆ ಮಾವ ಹೆಸರು ಹೇಳುತ್ತಿರಲಿಲ್ಲವಂತೆ, ‘ಪೀಣ್ಯ’ ಎನ್ನುತ್ತಿದ್ದರಂತೆ. ‘ಪೀಣ್ಯ ಇನ್ನೂ ನಡೀತಾ ಇದೆಯಾ, ಇಲ್ಲ ಬಾಗಿಲು ಹಾಕ್ತಾ?’

ಏಳನೇ ವರ್ಷ ಕ್ರಿಸ್‌ಮಸ್ಸಿಗೆ ಬನ್ನಿ ಎಂದು ಅತ್ತೆ ಕರೆದರು. ಕರೆಯುವುದಕ್ಕೆ ಮಾವ ಬೇಡ ಅನ್ನಲಿಲ್ಲ, ಅಷ್ಟೇ ಸಾಕು ಎಂದರು. ವಿಮಾನದಲ್ಲಿ ನನ್ನ ಹೆಂಡತಿ ಕಿಟಕಿ ಕಡೆ ಮುಖ ಮಾಡಿ ಹೇಳಿದಳು.

‘ನಾನು ಬೆಸಾಂವ್ ಕೇಳ್ತೀನಿ. ಕೊಟ್ರೆ ಸರಿ. ಕೊಡದೇ ಹೋದ್ರೆ ಇನ್ನು ಈ ಜನ್ಮದಲ್ಲಿ ಕೇಳಲ್ಲ, ಪಪ್ಪನ್ನ ನೋಡೋಕೂ ಬರಲ್ಲ.’

ಬೆಸಾಂವ್ ಎಂದರೆ ಆಶೀರ್ವಾದ. ಅವರ ಮನೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಕೈಜೋಡಿಸಿ ಹಿರಿಯರ ಮುಂದೆ ನಿಲ್ಲುತ್ತಾರೆ. ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ. ಅವಳು ಚಿಕ್ಕಂದಿನಿಂದ ದಿನಾ ಸಂಜೆ ಪಡೆದದ್ದು ಮದುವೆಯ ದಿನದಿಂದ ನಿಂತುಹೋಗಿತ್ತು. ‘ನೀನು ದಯವಿಟ್ಟು ಬಾಯಿ ಮುಚ್ಕೊಂಡಿರು ಕಣೋ, ಅಷ್ಟು ಸಾಕು’ ಎಂದಳು. ಆಯಿತು ಎಂದೆ.

ವಿಮಾನ ಇಳಿದರೆ ಬಾಣಲೆಗೆ ಬಿದ್ದಂತಾಯಿತು. ನಲವತ್ತೊಂದು ಡಿಗ್ರಿ. ಅಲ್ಲಿನವರು ಚಡ್ಡಿ ಹಾಕಿಕೊಂಡು, ಬರಿಗಾಲಲ್ಲಿ ಅಂಗಡಿಗೆ ಹೋಗುತ್ತಿದ್ದರು. ಮಾವನ ಮನೆಯ ಬಾಗಿಲು ತೆರೆದರೆ ಒಳಗೆ ಬೇರೆಯೇ ದೇಶ. ಎ.ಸಿ. ಹದಿನಾರಕ್ಕೆ ಇಟ್ಟಿದ್ದಾರೆ, ಅತ್ತೆ ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ, ಮಾವನ ಮೈಮೇಲೆ ಕೈಯಲ್ಲಿ ಹೆಣೆದ ಸ್ವೆಟರು, ಅದರ ಮೇಲೆ ಕೋಟು. ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಜೋಡಿಸಿದ ಗೋದಲಿಯ ಮೇಲೆ ಹತ್ತಿಯ ಹಿಮ. ಡಿಸೆಂಬರ್ ಎಂದರೆ ಜಾಲಹಳ್ಳಿಯ ಹಾಗೆ ಬೆಳಿಗ್ಗೆ ಮಂಜು ಮುಸುಕಿರಬೇಕು, ಬಾಯಿಂದ ಹೊಗೆ ಬರಬೇಕು, ಚಳಿಯಿಲ್ಲದ ಕ್ರಿಸ್‌ಮಸ್ಸು ಕ್ರಿಸ್‌ಮಸ್ಸೇ ಅಲ್ಲ ಎಂಬುದು ಅವರ ಸಿದ್ಧಾಂತ. ದೇಶ ಚಳಿ ಕೊಡದಿದ್ದರೆ ಮನೆಯೊಳಗೆ ತಯಾರಿಸಿಕೊಳ್ಳುವುದು!

‘ಸ್ವೆಟರ್ ತಂದಿದ್ದೀಯಾ?’ ಎಂದರು. ಏಳು ವರ್ಷದ ಮೇಲೆ ಮಗಳಿಗೆ ಆಡಿದ ಮೊದಲ ಮಾತು.

‘ತಂದಿದ್ದೀನಿ ಪಪ್ಪಾ.’

‘ಪೀಣ್ಯಕ್ಕೆ?’

ನಾನು ಎದುರಿಗೇ ನಿಂತಿದ್ದೆ. ‘ತಂದಿದೆ’ ಎಂದು ನಾನೇ ಉತ್ತರ ಕೊಟ್ಟೆ. ಹೆಂಡತಿ ನನ್ನ ಕಾಲು ತುಳಿದಳು.

ಇನ್ನೊಂದು ಹುಚ್ಚೆಂದರೆ ಕವರು. ಜಾಲಹಳ್ಳಿ ಕ್ವಾರ್ಟರ್ಸಿನವರಿಗೆ ಯಾವ ಯಂತ್ರವೂ ಬರಿಮೈಯಲ್ಲಿ ಇರಬಾರದು. ಟಿ.ವಿ.ಗೆ ಕವರು, ಮಿಕ್ಸಿಗೆ ಕವರು, ವಾಷಿಂಗ್ ಮಷೀನಿಗೆ ಕವರು, ರಿಮೋಟಿಗೆ ಪ್ಲಾಸ್ಟಿಕ್ ಕವರು. ಇಲ್ಲೂ ಅತ್ತೆ ಹಳೇ ಹೂವಿನ ಹೊದಿಕೆಗಳನ್ನು ಕತ್ತರಿಸಿ ಎಲ್ಲದಕ್ಕೂ ಅಂಗಿ ಹೊಲಿದಿದ್ದರು. ಮುಚ್ಚುವವರು, ಬಿಚ್ಚುವವರು ಮಾತ್ರ ಮಾವ. ಬೇರೆಯವರು ಮುಟ್ಟಿದರೆ ಅಂಚು ಸೊಟ್ಟಗಾಗುತ್ತದಂತೆ. ಮೂರು ದಿನ ಆ ಮನೆಯಲ್ಲಿ ನಾನು ನೋಡಿದ್ದು ಇಷ್ಟೇ: ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ಯಂತ್ರಗಳಿಗೆ ಬಟ್ಟೆ ತೊಡಿಸುವುದು, ಅತ್ತೆ ಮಾಡಿದ ಗುಲಾಬಿ ಹೂವಿನಂಥ ಕುಕ್ಕೀಸನ್ನು ಬೆಳಕಿಗೆ ಹಿಡಿದು ದಳ ಮುರಿದದ್ದನ್ನು ಪಕ್ಕಕ್ಕೆ ಎಸೆಯುವುದು.

‘ತಿನ್ನೋಕೆ ಮಾರಾಯ್ರೆ ಅದು, ರಾಕೆಟ್ಟಿಗೆ ಹಾಕ್ಲಿಕ್ಕಲ್ಲ’ ಎಂದು ಅತ್ತೆ ಗೊಣಗಿದರೆ, ‘ನಿನ್ನಂಥೋರಿಂದ್ಲೇ ದೇಶದ ಕ್ವಾಲಿಟಿ ಹಾಳಾಗಿದ್ದು’ ಎನ್ನುವರು. ರಿಜೆಕ್ಟ್ ಆದದ್ದನ್ನೆಲ್ಲ ನಾನೇ ತಿಂದೆ. ರುಚಿಯಾಗಿತ್ತು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದೆವು. ಭಾವಮೈದ ಗಣಿಯಲ್ಲಿ ಪಾಳಿಯ ಮೇಲಿದ್ದ. ಮನೆಯಲ್ಲಿ ನಾವು ನಾಲ್ಕೇ ಜನ. ಊಟಕ್ಕೆ ಮುಂಚೆ ಪ್ರಾರ್ಥನೆ, ಪ್ರಾರ್ಥನೆ ಮುಗಿದ ಮೇಲೆ ಬೆಸಾಂವ್. ಹೆಂಡತಿ ಸೀರೆ ಉಟ್ಟು, ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ಶಾಲೆಯ ಮಕ್ಕಳಂತೆ ಕೈ ಒರೆಸಿಕೊಳ್ಳುತ್ತ ಓಡಾಡುತ್ತಿದ್ದಳು. ಹನ್ನೊಂದರ ಹೊತ್ತಿಗೆ ಎ.ಸಿ. ಒಮ್ಮೆ ಗೊರಗೊರ ಎಂದು ನಿಂತೇ ಹೋಯಿತು.

ಮಾವ ರಿಮೋಟು ಒತ್ತಿದರು. ಕವರು ಬಿಚ್ಚಿ ಒತ್ತಿದರು. ರಿಪೇರಿಯವರಿಗೆ ಫೋನು ಮಾಡಿದರು. ರಜಾ ಎಂದು ಧ್ವನಿಮುದ್ರಿಕೆ ಹೇಳಿತು. ಟೂಲ್ ಬಾಕ್ಸ್ ತಂದು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ನಿಂತರು. ನನ್ನ ಕಡೆ ತಿರುಗಲಿಲ್ಲ. ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಜೀವಮಾನವೆಲ್ಲ ಬೇರೆಯವರು ಮಾಡಿದ್ದನ್ನು ಅಳೆದದ್ದೇ ಹೊರತು ಒಂದು ಸ್ಕ್ರೂ ತಿರುಗಿಸಿದವರಲ್ಲ.

‘ಅಳಿಯಂದ್ರೇ, ನೀವೊಮ್ಮೆ ನೋಡಿ ಮಾರಾಯ್ರೆ’ ಎಂದರು ಅತ್ತೆ.

ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೆ ಇಂಥ ಅವಕಾಶ ಬಂದಾಗ ಯಾರು ಮುಚ್ಚಿಕೊಂಡಿರುತ್ತಾರೆ? ‘ಪೀಣ್ಯದೋರು ಕೈ ಹಾಕಿದ್ರೆ ಸ್ಕ್ರ್ಯಾಪ್ ಆಗಿಬಿಡುತ್ತೆ ಅತ್ತೆ, ಬೇಡ’ ಎಂದು ಸೋಫಾದಲ್ಲಿ ಕಾಲು ಚಾಚಿದೆ. ಸ್ವೆಟರು ಬಿಚ್ಚಿ ಪಕ್ಕಕ್ಕಿಟ್ಟೆ.

ಮಾವ ಕೋಟಿನ ಗುಂಡಿ ಹಾಕಿಕೊಂಡು, ‘ಪ್ರಾರ್ಥನೆಗೆ ಹೊತ್ತಾಯ್ತು’ ಎಂದರು. ಹತ್ತು ನಿಮಿಷಕ್ಕೆ ನಡುಮನೆ ಕುಲುಮೆಯಾಯಿತು. ಅತ್ತೆ ಮಫ್ಲರ್ ತೆಗೆದರು. ಹೆಂಡತಿ ಸ್ವೆಟರು ತೆಗೆಯಲಿಲ್ಲ; ಅಪ್ಪ ತೆಗೆಯದೆ ತಾನು ಹೇಗೆ ತೆಗೆಯುವುದು? ಜಪಮಾಲೆ ಮಣಿ ಮಣಿಯಾಗಿ ಸಾಗಿತು. ಮಾವನ ಗದ್ದದಿಂದ ಬೆವರು ಪ್ರಾರ್ಥನೆ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಸುಳ್ಳೇಕೆ ಹೇಳಲಿ? ಬೇಯಲಿ, ಇನ್ನೊಂದು ಸ್ವಲ್ಪ ಬೇಯಲಿ ಎಂದುಕೊಂಡೆ.

ಆಗ ಅವರು ತೂರಾಡಿದರು. ಹೆಂಡತಿ ‘ಪಪ್ಪಾ’ ಎಂದು ಕೂಗಿದಳು. ನಾನೇ ಹೋಗಿ ಹಿಡಿದುಕೊಂಡು ಕೂರಿಸಿದೆ. ಕೋಟಿಗೆ ಕೈ ಹಾಕಿದರೆ ಕೈ ತಳ್ಳಿದರು.

‘ತೆಗೀಬೇಡ ಕಣಯ್ಯಾ. ಪ್ರಾರ್ಥನೆ ಮುಗಿದಿಲ್ಲ.’

‘ಮಾವ, ಸಾಯ್ತೀರ!’

‘ಸಾಯ್ತೀನಿ. ಕೋಟು ಹಾಕ್ಕೊಂಡೇ ಸಾಯ್ತೀನಿ.’

ಹೆಂಡತಿ ನನ್ನನ್ನು ನೋಡಿದಳು. ನಾನು ಎದ್ದು ಹೊರಗೆ ಹೋದೆ.

ಮನೆಯ ಮುಂಬಾಗಿಲ ಪಕ್ಕದಲ್ಲೇ ಎ.ಸಿ.ಯ ಹೊರಗಿನ ಪೆಟ್ಟಿಗೆ, ಬಿಸಿಗಾಳಿ ಉಗುಳುವ ಫ್ಯಾನು ಇರುವಂಥದ್ದು. ಅದರ ಮೇಲೆ ಒಗೆದು ಇಸ್ತ್ರಿ ಮಾಡಿದ, ಅಂಚು ಒಂದಿಷ್ಟೂ ಸೊಟ್ಟಗಾಗದ ಹೂವಿನ ಕವರು! ಹಬ್ಬದ ದಿನ ಬಾಗಿಲಲ್ಲಿ ಬೋಳು ಯಂತ್ರ ಕಾಣಬಾರದೆಂದು ಇಗರ್ಜಿಯಿಂದ ಬಂದವರೇ ಮಾವ ತೊಡಿಸಿದ್ದರು, ಓಡುತ್ತಿದ್ದ ಯಂತ್ರಕ್ಕೆ. ಉಸಿರು ಕಟ್ಟಿ, ಕಾದು ಕಾದು ಅದು ನಿಂತಿತ್ತು. ಮೂವತ್ತೆರಡು ವರ್ಷದ ತಪಾಸಣಾಧಿಕಾರಿ! ಪೀಣ್ಯದಲ್ಲಿ ನಿನ್ನೆ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು. ನನಗೆ ನಗು ಉಕ್ಕಿ ಬಂತು. ಆ ಕವರನ್ನು ಧ್ವಜದಂತೆ ಎತ್ತಿ ಹಿಡಿದು ಒಳಗೆ ನುಗ್ಗಿ, ‘ಇನ್‌ಸ್ಪೆಕ್ಷನ್ ರಿಪೋರ್ಟ್ ಕೊಡ್ಲಾ ಮಾವ?’ ಎಂದು ಕೇಳಬೇಕು. ಏಳು ವರ್ಷದಿಂದ ನಾಲಿಗೆಯ ತುದಿಯಲ್ಲಿ ಇದ್ದದ್ದೆಲ್ಲ ಒಂದೇ ಸಲಕ್ಕೆ.

ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಕವರನ್ನು ನೋಡಿದಳು. ಅವಳಿಗೂ ಅರ್ಥವಾಯಿತು.

‘ಹೇಳ್ಬೇಡ ಕಣೋ’ ಎಂದಳು. ‘ಇವತ್ತೊಂದು ದಿನ ಗೆಲ್ಲಬೇಡ.’

ಕವರನ್ನು ಸುತ್ತಿ ಕಸದ ಡಬ್ಬದ ಹಿಂದೆ ತುರುಕಿದೆ. ಯಂತ್ರ ತಣ್ಣಗಾಗಲಿ ಎಂದು ಬಿಸಿಲಲ್ಲಿ ಹತ್ತು ನಿಮಿಷ ನಿಂತು, ಒಳಗೆ ಬಂದು ಸ್ವಿಚ್ಚು ಒತ್ತಿದೆ. ಗಾಳಿ ಬಂತು.

‘ಏನಾಗಿತ್ತು?’ ಎಂದರು ಮಾವ.

‘ಒಂದು ವೈರು ಸಡಿಲ ಆಗಿತ್ತು. ಟೈಟ್ ಮಾಡ್ದೆ.’

ಅವರು ಮೇಜಿನ ಮೇಲಿನ ಟೂಲ್ ಬಾಕ್ಸ್ ನೋಡಿದರು. ನಾನು ಅದನ್ನು ತೆರೆದೇ ಇರಲಿಲ್ಲ. ‘ಬರಿಗೈಲಿ?’ ಎಂದರು.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ಯಾವುದೋ ಗೀರು ಹುಡುಕುವವರಂತೆ. ಬಾಗಿಲ ಕಡೆಗೊಮ್ಮೆ ನೋಡಿದರು. ಅಲ್ಲಿ ಪೆಟ್ಟಿಗೆಯ ಮೇಲೆ ಏನಿರಬೇಕಿತ್ತು, ಈಗ ಏನಿಲ್ಲ ಎಂಬುದು ಅವರಿಗೆ ಗೊತ್ತಾಯಿತೆಂದೇ ನನ್ನ ಲೆಕ್ಕ.

‘ಹೂಂ’ ಎಂದರು. ‘ಪಾಸ್.’

ನಿಂತಿದ್ದ ಮಣಿಯಿಂದಲೇ ಜಪಮಾಲೆ ಮುಂದುವರಿಸಿದರು. ಮುಗಿದಾಗ ನನ್ನ ಹೆಂಡತಿ ಕೈಜೋಡಿಸಿ ಅವರೆದುರು ನಿಂತಳು. ‘ಬೆಸಾಂವ್ ಪಪ್ಪಾ’ ಎಂದಳು. ಮಾವ ಪ್ರಾರ್ಥನೆ ಪುಸ್ತಕ ಮುಚ್ಚಿ ಎದ್ದು ನಿಂತರು. ಆಮೇಲೆ ಅವಳ ಹಣೆಯ ಮೇಲೆ ಗುರುತು ಹಾಕಿ, ಕೊಂಕಣಿಯಲ್ಲಿ ಏನೋ ಹೇಳಿ, ‘ಸ್ವೆಟರು ತೆಗಿ, ಬೆವತು ಹೋಗಿದ್ದೀಯ’ ಎಂದರು. ಅವಳು ಅವರ ಒದ್ದೆ ಕೋಟಿಗೆ ಮುಖವೊತ್ತಿ ನಿಂತುಬಿಟ್ಟಳು.

ಅವಳ ತಲೆಯ ಮೇಲಿಂದ ಅವರು ನನ್ನ ಕಡೆ ನೋಡಿದರು. ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ.

‘ನಿಮ್ಮ ಕಡೆ ಇದೆಲ್ಲ ಇಲ್ಲ, ಅಲ್ವಾ? ನಿನಗೂ ಬೇಕೇನಯ್ಯಾ?’

ಕೆಂಪು ಪೆನ್ಸಿಲ್ಲು, ರಿಜಿಸ್ಟ್ರಾರ್ ಕಚೇರಿಯ ಖಾಲಿ ಬೆಂಚು, ಏಳು ವರ್ಷದ ಪಿಸುಮಾತಿನ ಫೋನು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

‘ಬೇಡ ಬಿಡಿ ಮಾವ’ ಎಂದೆ.

‘ಸರಿ’ ಎಂದು ಕೈ ಇಳಿಸಿದರು. ‘ಊಟಕ್ಕೆ ಏಳಿ.’

ಮುಂದಿನ ವರ್ಷ, ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ, ಅಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯನ್ನು ನಾವು ಪೀಣ್ಯದ ಶೆಡ್ಡಿನಲ್ಲಿ, ಲೇತು ನಿಲ್ಲಿಸಿ, ಫೋನಿನಲ್ಲಿ ನೋಡಿದೆವು. ಹೆಂಡತಿ ಅತ್ತಳು. ಅದು ಅಪ್ಪನನ್ನು ಕಳೆದುಕೊಂಡ ಮಗಳ ಅಳು. ಬೆಸಾಂವ್ ಕೊಡದೇ ಹೋದರಲ್ಲ ಎಂಬ ಅಳು ಬೇರೆಯಾಗಿರುತ್ತಿತ್ತು. ಅಷ್ಟನ್ನು ಅವರು ಅವಳಿಗೆ ಕೊಟ್ಟು ಹೋದರು, ಆ ಋಣ ನನ್ನ ಮೇಲೂ ಇದೆ.

ಹಾಗೆಂದು ಸತ್ತವರನ್ನು ಹೊಗಳಲು ನಾನು ಕೂತಿಲ್ಲ. ಅವರು ಕಲ್ಲು ಮನಸ್ಸಿನ, ಜಂಬದ, ಹೆಂಡತಿಯ ಅಡುಗೆಯನ್ನು ನೆಮ್ಮದಿಯಾಗಿ ತಿನ್ನಲೂ ಬಾರದ ಮನುಷ್ಯ. ನಲವತ್ತು ಡಿಗ್ರಿಯಲ್ಲಿ ಸ್ವೆಟರು ಹಾಕಿಸಿದ ಮೂರ್ಖತನವನ್ನು ಈಗಲೂ ಕಂಡಕಂಡವರಿಗೆಲ್ಲ ಹೇಳಿ ನಗುತ್ತೇನೆ. ಆದರೆ ಕಥೆ ಕೊನೆಗೆ ಬಂದಾಗ, ಅವಳಿಗೆ ಬೆಸಾಂವ್ ಸಿಕ್ಕಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಆಮೇಲೆ ನಾವೆಲ್ಲ ಊಟಕ್ಕೆ ಎದ್ದೆವು ಎಂದುಕೊಂಡು ಕೇಳುವವರು ನಗುತ್ತ ಹೋಗುತ್ತಾರೆ. ಜೀವಮಾನವೆಲ್ಲ ಬೇಡ ಎನ್ನುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ ಒಂದೇ ಒಂದು ಸಲ ಬೇಕೇನಯ್ಯಾ ಎಂದು ಕೇಳಿದರು. ಬೇಡ ಎಂದವನು ನಾನು.